ಎರೆಭೂಮಿಯ ಸಾಲ

ನವಲಗುಂದ ಸೀಮೆಯ ಶಲವಡಿಯಂಥ ಎರೆನಾಡಿನ ಊರುಗಳಲ್ಲಿ ಒಕ್ಕಲುತನದ ಮನೆತನವು ಎಷ್ಟು ಗಟ್ಟಿಯಾದದ್ದೆಂಬುದಕ್ಕೆ ತುಂಬಿದ ಹಗೇವು, ಕಟ್ಟಿದ ಎತ್ತುಗಳೊಡನೆ ತಿಪ್ಪೆಯೂ ಒಂದು ಗುರುತಾಗಿತ್ತು. ದೀಪಾವಳಿಯ ಪಾಡ್ಯದಂದು ಸಗಣಿಯಿಂದ ಪಾಂಡವರನ್ನು ಮಾಡಿ, ಹೂವೇರಿಸಿ ಪೂಜಿಸುವ ನಾಡು ನಮ್ಮದು. ಹೀಗಿದ್ದೂ ಪೇಟೆಯ ಸುಶಿಕ್ಷಿತರಾದ ನಾವು ಒಂದು ವಸ್ತುವನ್ನು ತುಚ್ಛೀಕರಿಸಬೇಕಾದರೆ ಅದನ್ನು ತಿಪ್ಪೆಗೆ ಎಸೆಯೆನ್ನುತ್ತೇವೆ. ಭೂಮಿಯ ಆಯುಷ್ಯವು ಯಾವ ಗುಂಡಿಯಲ್ಲಿ ಅಡಗಿರುವದೋ ಅದರ ಹೆಸರೇ ನಮಗೆ ಬಯ್ಗಳವಾಗಿರುವದು ವಿಚಿತ್ರವಾದರೂ ನಿಜ.

ಮಳೆಯ ನೀರನ್ನು ಒಡಲಲ್ಲಿ ಹಿಡಿದಿಟ್ಟು, ಹಿಂಗಾರಿಯ ಜೋಳ, ಕಡಲೆ, ಕುಸುಬೆಗಳನ್ನು ಬರಿಯ ತಂಪಿನ ಮೇಲೆ ಬೆಳೆಯಿಸಬಲ್ಲ ಈ ಮಣ್ಣಿನ ಕಪ್ಪನ್ನು ಕಂಡು, ಇದರಲ್ಲಿ ಸತ್ವವು ತುಂಬಿ ತುಳುಕುತ್ತಿದೆಯೆಂದು ಅನೇಕರು ಭಾವಿಸುವರು. ಇದು ಭ್ರಮೆ. ಬಣ್ಣವೆಷ್ಟೇ ಕಪ್ಪಾಗಿರಲಿ, ಸಾವಯವ ಇಂಗಾಲವು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆಯಿರುವ ಎರೆಹೊಲಗಳು ಸಾಮಾನ್ಯವಾಗಿವೆ. ನಮ್ಮ ಬಿಸಿಲು ಅದನ್ನು ವರ್ಷವರ್ಷಕ್ಕೆ ತಿಂದುಹಾಕುವದು; ಹಿಂದಕ್ಕೆ ಹಾಕದಿದ್ದರೆ ಹೊಲದ ಮೇಲ್ಮಣ್ಣು ಹೆಪ್ಪುಗಟ್ಟಿ, ಮಳೆಯ ನೀರು ಇಂಗದೆ ಬೆಣ್ಣೆಹಳ್ಳದ ಪಾಲಾಗುವದು. ಹಿಂದಕ್ಕೆ ಹಾಕುವವರಾರು? ಎತ್ತಿನ ಸ್ಥಳದಲ್ಲಿ ಟ್ರ್ಯಾಕ್ಟರು ಬಂದಿದೆ. ಟ್ರ್ಯಾಕ್ಟರು ಸಗಣಿ ಹಾಕುವದಿಲ್ಲ.

ಯೂರಿಯ ಇದೆಯಲ್ಲವೇ ಎಂದು ಕೇಳುವವರುಂಟು. ಪ್ರಾಮಾಣಿಕವಾಗಿ ಲೆಕ್ಕ ಹಾಕೋಣ. 45 ಕಿಲೋದ ಒಂದು ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿರುವದು. ಒಂದು ಟನ್ನು ಕೊಟ್ಟಿಗೆಗೊಬ್ಬರದಲ್ಲಿ ಸುಮಾರು 5 ಕಿಲೋ ಮಾತ್ರ. ಅಂದಮೇಲೆ ಒಂದು ಚೀಲದ ಎದುರಿಗೆ ನಾಲ್ಕು ಟನ್ನು ಹೇರಬೇಕು. ಒಕ್ಕಲಿಗನು ಚೀಲಕ್ಕೆ ಒಲಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮಣ್ಣಿನ ಕಣಗಳನ್ನು ಕೂಡಿಸಿ ತಂಪು ಹಿಡಿಯುವ ಶಕ್ತಿಯಾಗಲಿ, ಎರೆಹುಳುವಿಗೆ ಆಹಾರವಾಗಲಿ ಆ ಚೀಲದಲ್ಲಿಲ್ಲ. ಚೀಲವು ಬೆಳೆಯನ್ನು ಉಣ್ಣಿಸುವದು, ಭೂಮಿಯು ಉಪವಾಸವೇ ಇರುವದು.

ಈ ದುಃಸ್ಥಿತಿಗೆ ರೈತನ ಅಜ್ಞಾನವೇ ಕಾರಣವೆಂದು ಹೇಳುವ ಚಾಳಿ ಹಳೆಯದು. ಆಂಗ್ಲ ಸರಕಾರವು ಕಳಿಸಿದ ರಸಾಯನಶಾಸ್ತ್ರಜ್ಞ ವೋಲ್ಕರರು 1893ರ ತಮ್ಮ ವರದಿಯಲ್ಲಿಯೇ ಅದನ್ನು ಅಲ್ಲಗಳೆದರು. ಸಗಣಿಯನ್ನು ಕುಳ್ಳು ತಟ್ಟಿ ಉರಿಸುವದಕ್ಕೆ ಉರುವಲಿನ ಅಭಾವವೇ ಮುಖ್ಯ ಕಾರಣ, ಸೌದೆ ಒದಗಿಸಿದರೆ ಗೊಬ್ಬರವು ಹೊಲಕ್ಕೆ ಹೋದೀತು ಎಂದು ಅವರು ಕಂಡುಕೊಂಡಿದ್ದರು. ಇಂದು ಹಳ್ಳಿಗಳಿಗೂ ಗ್ಯಾಸಿನ ಒಲೆ ಬಂದಿದೆ. ಆದರೂ ಹತ್ತಿಕಟ್ಟಿಗೆಯನ್ನು ಹೊಲದಲ್ಲಿಯೇ ಸುಡುವದು ನಿಂತಿಲ್ಲ.

ಹತ್ತಿಕಟ್ಟಿಗೆ ಕೊಳೆಯುವದಿಲ್ಲವೆಂಬ ಸಬಬನ್ನು ನಾವು ಒಪ್ಪಲಾರೆವು. ಆಲ್ಬರ್ಟ ಹಾವರ್ಡರು ಯಶವಂತ ವಾಡರೊಡಗೂಡಿ ಇಂದೂರಿನಲ್ಲಿ ನಡೆಯಿಸಿ 1931ರಲ್ಲಿ ಗ್ರಂಥರೂಪವಾಗಿ ಹೊರಡಿಸಿದ ಪ್ರಯೋಗವು ಹತ್ತಿಯ ನಾಡಿನದೇ. ಅವರು ಕಟ್ಟಿಗೆಯನ್ನು ಹೊಲದ ದಾರಿಯ ಮೇಲೆ ಹಾಸಿ, ಬಂಡಿಗಳ ಗಾಲಿಗೆ ಸಿಕ್ಕಿ ನುಗ್ಗಾದ ಮೇಲೆ ದನಗಳ ಕೆಳಗೆ ಹಾಸಿಗೆಯಾಗಿ ಹರವುತ್ತಿದ್ದರು. ಗಂಜಳ ಹೀರಿದ ಆ ಹಾಸಿಗೆಯನ್ನು ಸಗಣಿ, ಬೂದಿ, ಗಂಜಳದ ಮಣ್ಣುಗಳೊಡನೆ ಪದರುಪದರಾಗಿ ಗುಂಡಿಯಲ್ಲಿ ತುಂಬಿ, ನೀರು ಚಿಮುಕಿಸಿ, ಮೂರು ಸಲ ತಿರುವಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಗಾಂಧೀಜಿಯವರಿಗೂ ಇದು ಪ್ರಿಯವಾದ ವಿಷಯ. 1947ರ ಡಿಸೆಂಬರದಲ್ಲಿ ಮೀರಾಬೆನ್ನರ ಸಂಕಲ್ಪದಿಂದ ದಿಲ್ಲಿಯಲ್ಲಿ ಕಾಂಪೋಸ್ಟ ಪರಿಷತ್ತು ಕೂಡಿದಾಗ 'ಹರಿಜನ'ದಲ್ಲಿ ಅದರ ಕುರಿತು ಬರೆದರು.

ಪಟ್ಟಣದ ಕಸಕ್ಕೆ ಮಾರ್ಗ ತೋರಿಸಿದ ಕೀರ್ತಿಯು ಕರ್ನಾಟಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ಕಸ ಮತ್ತು ಮಲಗಳನ್ನು ಪದರುಗಟ್ಟಿ ತುಂಬಿ, ಮೇಲೆ ಮಣ್ಣು ಮುಚ್ಚಿ, ತಿರುವದೆಯೇ ಆರೆಂಟು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. 'ಬೆಂಗಳೂರು ಪದ್ಧತಿ'ಯೆಂದೇ ಅದು ಪ್ರಸಿದ್ಧವಾಯಿತು. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಆ ಮಲವನ್ನು ಹೊತ್ತವರು ಮನುಷ್ಯರು. ನಮ್ಮ ಶುಚಿತ್ವವೆಲ್ಲ ಅವರ ತಲೆಯ ಮೇಲೆ ನಿಂತಿತ್ತು. 1993 ಮತ್ತು 2013ರ ಕಾಯದೆಗಳು ಆ ಕಳಂಕವನ್ನು ನಿಷೇಧಿಸಿವೆ. ಆದುದರಿಂದ ಆಚಾರ್ಯರ ಶಾಸ್ತ್ರವನ್ನು ಇಟ್ಟುಕೊಂಡು ಆ ಹೊರೆಯನ್ನು ಬಿಡಬೇಕು. ಅಡಿಗೆಮನೆಯ ಹಾಗೂ ಕಾಯಿಪಲ್ಲೆ ಪೇಟೆಯ ಹಸಿಕಸವೊಂದೇ ಸಾಕಷ್ಟಿದೆ.

ಆರೋಗ್ಯದ ಪ್ರಶ್ನೆಯೂ ಇದರಲ್ಲಿಯೇ ಅಡಕವಾಗಿದೆ. ಮನೆಯ ಮಗ್ಗುಲಲ್ಲಿ ಹರವಿಬಿಟ್ಟ ತಿಪ್ಪೆಯು ನೊಣದ ತವರು. ಒಪ್ಪವಾಗಿ ತುಂಬಿದ ಗುಂಡಿಯಾದರೋ ತನ್ನ ಕಾವಿನಿಂದಲೇ 60 ಅಂಶದ ಉಷ್ಣತೆಗೇರಿ, ನೊಣದ ಹುಳು, ಕಳೆಯ ಬೀಜಗಳನ್ನು ನಾಶಮಾಡುವದು. ಹಳೆಯ ತಿಪ್ಪೆಗೆ ಇಲ್ಲದ ಪೀಡೆಯೊಂದು ಈಗ ಸೇರಿದೆ: ಪ್ಲಾಸ್ಟಿಕ್ಕು. ಕಸದೊಡನೆ ಹೊಲ ಸೇರಿದ ಚೀಲದ ಚೂರು ಕುಂಟೆಗೆ ಸುತ್ತುವದು, ದನದ ಹೊಟ್ಟೆ ಸೇರುವದು. ಹಸಿಕಸವನ್ನು ಮನೆಯಲ್ಲಿಯೇ ಬೇರೆ ಇಡತಕ್ಕದ್ದೆಂದು 2016ರ ನಿಯಮಗಳು ವಿಧಿಸಿದವು. ಅದೇ ವರ್ಷ ಕೇಂದ್ರ ಸರಕಾರವು ನಗರಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ಸಹಾಯಧನವನ್ನೂ ಸಾರಿತು. ಆದರೆ ಗಾಜು-ಪ್ಲಾಸ್ಟಿಕ್ಕುಗಳು ಬೆರೆತ ಗೊಬ್ಬರವನ್ನು ಬಿಟ್ಟಿಯಾಗಿ ಕೊಟ್ಟರೂ ಮರ್ಯಾದಸ್ಥ ರೈತನು ಮುಟ್ಟಲಾರನು. ಈ ದೋಷವು ನಮ್ಮ ನಿಮ್ಮ ಅಡಿಗೆಮನೆಯ ಬಾಗಿಲಲ್ಲಿ ಹುಟ್ಟುವದೇ ಹೊರತು ಗೊಬ್ಬರದ ಕಾರಖಾನೆಯಲ್ಲಲ್ಲ.

ಅಧಿಕಾರಸ್ಥರಲ್ಲಿ ನಮ್ಮದೊಂದು ಸೂಚನೆಯಿದೆ. ನವಲಗುಂದ, ಅಣ್ಣಿಗೇರಿ ಸೀಮೆಗಳ ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನು ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳದ ಪೇಟೆಗೆ ಬರುವ ಟ್ರ್ಯಾಕ್ಟರುಗಳು ಮಾಲು ಇಳಿಸಿ ಬರಿದಾಗಿ ಮರಳಬೇಕಾಗಿಲ್ಲ. ಪೇಟೆಯ ಹಸಿಕಸವನ್ನು ಅಲ್ಲಿಯೇ ಸಮೀಪದಲ್ಲಿ ಕೊಳೆಯಿಸಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಪರೀಕ್ಷೆ ಮಾಡಿಸಿ, ಸತ್ವದ ಪ್ರಮಾಣವನ್ನು ಚೀಟಿಯಲ್ಲಿ ಬರೆದು, ಅವೇ ಟ್ರ್ಯಾಕ್ಟರುಗಳಿಗೆ ಅಲ್ಪ ಬೆಲೆಗೆ ಹೇರಿಸಲಿ. ಹಿಂಗಾರಿ ಬಿತ್ತನೆಗೆ ಮುಂಚೆ ಶಲವಡಿಯ ಹೊಲದಲ್ಲಿ ಆ ಗೊಬ್ಬರ ಬಿದ್ದರೆ ಸಾಕು. ಮುಂದಿನ ವರ್ಷ ಅದೇ ಟ್ರ್ಯಾಕ್ಟರು ಕೇಳಿಕೊಂಡು ಬರುವದೋ ಇಲ್ಲವೋ ನೋಡೋಣ.