ಉಬ್ಬಿದ ‘ನರ’ಗಳು ಮತ್ತು ಅಲ್ಟ್ರಾಸೌಂಡ್ ಪರೀಕ್ಷೆ

ದಿನವಿಡೀ ನಿಂತು ದುಡಿಯುವವರ ಕಾಲುಗಳನ್ನು ಒಮ್ಮೆ ಗಮನಿಸಿರಿ. ಅಂಗಡಿಯಲ್ಲಿ ನಿಂತೇ ವ್ಯಾಪಾರ ಮಾಡುವ ವರ್ತಕರು, ಪಾಠ ಹೇಳುವ ಶಿಕ್ಷಕರು, ಮುಂಜಾನೆಯಿಂದ ರಾತ್ರಿಯವರೆಗೆ ಒಲೆಯ ಮುಂದಿರುವ ತಾಯಂದಿರು, ಇವರಲ್ಲಿ ಹಲವರ ಮೊಣಕಾಲಿನ ಕೆಳಗೆ ಅಂಕುಡೊಂಕಾದ ನೀಲಿ ಗಂಟುಗಳು ಕಾಣುತ್ತವೆ. ‘ನರ ಉಬ್ಬಿದೆ’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ರೂಢಿ. ವಾಸ್ತವದಲ್ಲಿ ಉಬ್ಬಿರುವುದು ನರವಲ್ಲ. ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿ. ಅದು ಏಕೆ ಉಬ್ಬಿತು ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ಅದನ್ನು ತೋರಿಸಿಕೊಡುವ ಸಾಧನವೇ ಅಲ್ಟ್ರಾಸೌಂಡ್.

ನಾಳದೊಳಗಿನ ಬಾಗಿಲುಗಳು

ಕಾಲಿಗೆ ಇಳಿದ ರಕ್ತವು ಭೂಮಿಯ ಸೆಳೆತಕ್ಕೆ ಎದುರಾಗಿ ಮೇಲೇರಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅದು ಮರಳಿ ಇಳಿಯದಂತೆ ನಾಳದೊಳಗಿನ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ವಿವರಿಸಿದಾಗ ಈ ಕವಾಟಗಳನ್ನೂ ತನ್ನ ವಾದಕ್ಕೆ ಆಧಾರವಾಗಿ ಬಳಸಿದ್ದನು.

ವಂಶಪಾರಂಪರ್ಯ, ಗರ್ಭಧಾರಣೆ, ಸ್ಥೂಲಕಾಯ, ವಯಸ್ಸು, ಬಹುಕಾಲ ನಿಂತಿರುವಿಕೆ ಮೊದಲಾದ ಕಾರಣಗಳಿಂದ ಕವಾಟಗಳು ಸಡಿಲವಾದರೆ ರಕ್ತವು ಹಿಮ್ಮುಖವಾಗಿ ಇಳಿದು ತುಂಬಿಕೊಳ್ಳುತ್ತದೆ, ನಾಳ ಹಿಗ್ಗುತ್ತದೆ. ಸಂಜೆಯ ವೇಳೆಗೆ ಕಾಲು ಭಾರವಾಗುವುದು, ಬಾವು, ತುರಿಕೆ, ಚರ್ಮ ಕಪ್ಪಾಗುವುದು, ಕೊನೆಗೆ ಕಣಕಾಲಿನ ಒಳಬದಿಯಲ್ಲಿ ಮಾಯದ ಹುಣ್ಣು, ಹೀಗೆ ರೋಗವು ಮುಂದುವರಿಯಬಹುದು.

ಶಬ್ದದಿಂದ ನೋಡುವ ವಿದ್ಯೆ

ಸೆಕೆಂಡಿಗೆ 20,000ಕ್ಕೂ ಹೆಚ್ಚು ಕಂಪನಗಳುಳ್ಳ ಶಬ್ದವು ನಮ್ಮ ಕಿವಿಗೆ ಕೇಳಿಸದು. ಅಂತಹ ಶಬ್ದವನ್ನು ಶರೀರದೊಳಗೆ ಕಳುಹಿಸಿ, ಹಿಂದಿರುಗುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವುದೇ ಅಲ್ಟ್ರಾಸೌಂಡ್. ನಮ್ಮತ್ತ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿಯೂ ದೂರ ಸರಿಯುವಾಗ ತಗ್ಗಿಯೂ ಕೇಳುವುದಷ್ಟೆ? ತರಂಗಗಳ ಈ ಗುಣವನ್ನು ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬೆಳಕಿನ ಸಂಬಂಧವಾಗಿ ಪ್ರತಿಪಾದಿಸಿದನು. ಹರಿಯುವ ರಕ್ತಕ್ಕೂ ಅದೇ ನಿಯಮ ಅನ್ವಯಿಸುವುದರಿಂದ, ರಕ್ತ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ‘ಕಲರ್ ಡಾಪ್ಲರ್’ ಯಂತ್ರವು ಕೆಂಪು ಮತ್ತು ನೀಲಿ ಬಣ್ಣಗಳಲ್ಲಿ ತೋರಿಸುತ್ತದೆ. ಈ ಬಣ್ಣಗಳು ಹರಿವಿನ ದಿಕ್ಕನ್ನು ಸೂಚಿಸುತ್ತವೆಯೇ ಹೊರತು ರಕ್ತದ ಶುದ್ಧಾಶುದ್ಧತೆಯನ್ನಲ್ಲ.

ಕವಾಟಗಳ ಪರೀಕ್ಷೆಗೆ ರೋಗಿಯನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಚರ್ಮಕ್ಕೆ ಜೆಲ್ ಹಚ್ಚಿ, ಪ್ರೋಬ್ ಇರಿಸಿ, ಮೀನಖಂಡವನ್ನು ಒತ್ತಿ ಬಿಡುತ್ತಾರೆ. ಬಿಟ್ಟ ನಂತರ ಚರ್ಮದಡಿಯ ನಾಳದಲ್ಲಿ ರಕ್ತವು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಅಲ್ಲಿಯ ಕವಾಟ ಕೆಟ್ಟಿದೆ ಎಂದರ್ಥ. ಗಂಟು ಮೀನಖಂಡದಲ್ಲಿ ಕಂಡರೂ ದೋಷದ ಮೂಲವು ತೊಡೆಸಂದಿನಲ್ಲಿಯೋ ಮೊಣಕಾಲಿನ ಹಿಂದೆಯೋ ಇರುವುದುಂಟು. ಮೂಲವನ್ನು ಅರಿಯದೆ ಗಂಟನ್ನಷ್ಟೇ ತೆಗೆದರೆ ಅದು ಮತ್ತೆ ತಲೆದೋರುವ ಸಂಭವ ಹೆಚ್ಚು.

ಅಡಗಿರುವ ಅಪಾಯ

ಸ್ನಾಯುಗಳ ನಡುವೆ ಆಳದಲ್ಲಿರುವ ಅಭಿಧಮನಿಗಳಲ್ಲಿ ಕೆಲವೊಮ್ಮೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ. ಇದನ್ನು ಪತ್ತೆಮಾಡುವ ವಿಧಾನ ಬಹಳ ಸರಳ. ಆರೋಗ್ಯವಂತ ಅಭಿಧಮನಿಯು ಪ್ರೋಬ್‌ನಿಂದ ಒತ್ತಿದೊಡನೆ ಚಪ್ಪಟೆಯಾಗುತ್ತದೆ. ಹೆಪ್ಪು ತುಂಬಿದ ನಾಳ ಹಾಗೆ ಮಡಿಯುವುದಿಲ್ಲ. ಚುಚ್ಚುಮದ್ದು ಬೇಡ, ಎಕ್ಸ್‌ರೇ ಕಿರಣಗಳಿಲ್ಲ. ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡಬಹುದು. ಹೆಪ್ಪು ಖಚಿತವಾದರೆ ಅದು ಬೆಳೆಯದಂತೆ ತಡೆಯುವ ಔಷಧಿಗಳನ್ನು ವಿಳಂಬವಿಲ್ಲದೆ ಆರಂಭಿಸುತ್ತಾರೆ.

ಚಿಕಿತ್ಸೆಯಲ್ಲಿಯೂ ಮಾರ್ಗದರ್ಶಿ

ಹಿಂದೆ ಕೆಟ್ಟ ನಾಳವನ್ನು ಕೊಯ್ದು ಎಳೆದು ತೆಗೆಯುತ್ತಿದ್ದರು. ಇಂದು ಅನೇಕರಿಗೆ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಅದನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಸೂಜಿಯು ನಾಳವನ್ನು ಹೊಕ್ಕಿತೇ, ತೆಳುವಾದ ಕೊಳವೆಯ ತುದಿ ಆಳದ ನಾಳದಿಂದ ಸುರಕ್ಷಿತ ದೂರದಲ್ಲಿದೆಯೇ, ಸುತ್ತಲೂ ಅರಿವಳಿಕೆಯ ದ್ರವ ಹರಡಿತೇ ಎಂಬುದನ್ನೆಲ್ಲ ವೈದ್ಯರು ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಲೇ ಮುಂದುವರಿಯುತ್ತಾರೆ. ರೋಗಿಯು ಸಾಮಾನ್ಯವಾಗಿ ಅದೇ ದಿನ ನಡೆದು ಮನೆಗೆ ಮರಳಬಹುದು.

ಹುಣ್ಣಿನಿಂದ ಬಳಲುವವರಿಗೂ ಇದರಿಂದ ಭರವಸೆಯುಂಟು. ಬ್ರಿಟನ್ನಿನ 20 ಕೇಂದ್ರಗಳಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಬಿಗಿಪಟ್ಟಿ ಕಟ್ಟಲಾಗಿತ್ತು. ಜೊತೆಗೆ ಕೆಟ್ಟ ನಾಳವನ್ನು ಬೇಗನೆ ಮುಚ್ಚಿಸಿಕೊಂಡವರ ಪೈಕಿ ಅರ್ಧದಷ್ಟು ಜನರ ಹುಣ್ಣು 56 ದಿನಗಳೊಳಗೆ ಮಾಯಿತು. ನಾಳದ ಚಿಕಿತ್ಸೆಯನ್ನು ಮುಂದೂಡಿದವರಲ್ಲಿ ಅಷ್ಟು ಜನ ಗುಣವಾಗಲು 82 ದಿನಗಳು ಹಿಡಿದವು.

ಮನೆಮಂದಿ ಅರಿತಿರಬೇಕಾದುದು

ಒಂದೇ ಕಾಲು ಹಠಾತ್ತನೆ ಬಾತು ನೋಯತೊಡಗಿದರೆ, ಅದರಲ್ಲೂ ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ದೀರ್ಘಕಾಲ ಹಾಸಿಗೆ ಹಿಡಿದ ನಂತರ, ಎಣ್ಣೆ ತಿಕ್ಕಬೇಡಿರಿ; ಅಂದೇ ವೈದ್ಯರಿಗೆ ತೋರಿಸಿರಿ. ಜೊತೆಗೆ ಉಸಿರುಕಟ್ಟುವಿಕೆ ಅಥವಾ ಎದೆನೋವು ಕಂಡರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಉಬ್ಬಿದ ನಾಳ ಒಡೆದು ರಕ್ತ ಸುರಿದರೆ ಮಲಗಿಸಿ, ಕಾಲನ್ನು ಮೇಲೆತ್ತಿ, ಶುಭ್ರವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಿಗಿಯಾದ ಕಾಲುಚೀಲಗಳನ್ನು ವೈದ್ಯರ ಸಲಹೆಯಿಲ್ಲದೆ ತೊಡಬಾರದು; ಕಾಲಿಗೆ ರಕ್ತ ತರುವ ಅಪಧಮನಿಗಳು ಕಿರಿದಾಗಿದ್ದರೆ ಅವು ಹಾನಿ ಮಾಡಬಲ್ಲವು.

ನಮ್ಮ ತಾಯಂದಿರು ಕಾಲುನೋವನ್ನು ಹೇಳಿಕೊಳ್ಳುವುದೇ ಅಪರೂಪ. ಮನೆಯವರೇ ಗಮನಿಸಿ, ಕೇಳಿ, ಸಕಾಲದಲ್ಲಿ ಪರೀಕ್ಷೆಗೆ ಕರೆದೊಯ್ದರೆ ವರ್ಷಗಟ್ಟಲೆ ಕಾಡುವ ಹುಣ್ಣನ್ನೂ, ಕೆಲವೊಮ್ಮೆ ಒಂದು ಸಾವನ್ನೂ ತಪ್ಪಿಸಬಹುದು.