ತಲೆಬುರುಡೆಯ ಶಸ್ತ್ರಚಿಕಿತ್ಸೆ: ಸಂಶೋಧನೆ ಹೇಳುವುದೇನು, ಧರ್ಮಸಭೆ ಕಲಿಸುವುದೇನು?

ರಸ್ತೆ ಅಪಘಾತದಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದವರು ಐಸಿಯುನಲ್ಲಿರುವಾಗ ವೈದ್ಯರು ಮನೆಯವರನ್ನು ಕರೆದು, "ಮೆದುಳು ಊದಿಕೊಂಡಿದೆ, ತಲೆಬುರುಡೆಯ ಒಂದು ಭಾಗ ತೆಗೆಯಬೇಕಾಗಬಹುದು, ಸಹಿ ಹಾಕಿ" ಎನ್ನುತ್ತಾರೆ. ಗಾಬರಿಗೊಂಡ ಮನೆಯವರು ಹಲವು ಬಾರಿ ತಮ್ಮ ಧರ್ಮಗುರುಗಳಿಗೂ ಫೋನು ಮಾಡುತ್ತಾರೆ. ಅವರ ಪ್ರಶ್ನೆಗಳು ಎರಡು: ಆಪರೇಷನ್ ಮಾಡಿದರೆ ಬದುಕುತ್ತಾರೆಯೇ? ಬೇಡವೆಂದರೆ ಪಾಪವಾಗುತ್ತದೆಯೇ? ಮೊದಲನೆಯದಕ್ಕೆ ಕಳೆದ ಕೆಲವು ವರ್ಷಗಳ ಸಂಶೋಧನೆ ಸಾಕಷ್ಟು ಬೆಳಕು ಚೆಲ್ಲಿದೆ. ಎರಡನೆಯದಕ್ಕೆ ಧರ್ಮಸಭೆಯ ಬೋಧನೆ ಹಿಂದಿನಿಂದಲೂ ಸ್ಪಷ್ಟವಾಗಿದೆ.

ಶಸ್ತ್ರಚಿಕಿತ್ಸೆ ಯಾಕೆ?

ಕಾಲಿಗೆ ಪೆಟ್ಟಾದರೆ ಊತ ಹೊರಗೆ ಬರುತ್ತದೆ. ಮೆದುಳಿಗೆ ಆ ಅವಕಾಶವಿಲ್ಲ. ತಲೆಬುರುಡೆ ಮುಚ್ಚಿದ ಪೆಟ್ಟಿಗೆಯಂತೆ. ಒಳಗೆ ಊತ ಹೆಚ್ಚಿದಂತೆ ಒತ್ತಡ ಏರಿ, ರಕ್ತಸಂಚಾರ ಕುಂದಿ, ಮೆದುಳು ಇನ್ನಷ್ಟು ಹಾನಿಗೊಳ್ಳುತ್ತದೆ. ಔಷಧಿಗಳಿಂದ ಒತ್ತಡ ಇಳಿಯದಿದ್ದಾಗ ಎಲುಬಿನ ದೊಡ್ಡ ತುಂಡೊಂದನ್ನು ತೆಗೆದು, ಅದರಡಿಯ ಪೊರೆಯನ್ನು ತೆರೆದು, ಮೇಲೆ ಚರ್ಮ ಹೊಲಿಯುತ್ತಾರೆ. ತೆಗೆದ ಎಲುಬನ್ನು ಶೀತಲೀಕರಣದಲ್ಲಿ ಅಥವಾ ರೋಗಿಯ ಹೊಟ್ಟೆಯ ಚರ್ಮದಡಿ ಇರಿಸುತ್ತಾರೆ. ವಾರಗಳು ಅಥವಾ ತಿಂಗಳುಗಳು ಕಳೆದ ಮೇಲೆ ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಅಥವಾ ಕೃತಕ ಫಲಕವನ್ನು ಜೋಡಿಸುತ್ತಾರೆ.

ಎರಡು ಸಂಶೋಧನೆಗಳು

ಒತ್ತಡ ಇಳಿದರೆ ರೋಗಿಗೆ ಒಳ್ಳೆಯದು ಎಂದು ಯಾರಿಗೂ ಅನಿಸುತ್ತದೆ. 2011ರಲ್ಲಿ ಪ್ರಕಟವಾದ 'ಡೆಕ್ರಾ' ಅಧ್ಯಯನ ಈ ಎಣಿಕೆಯನ್ನು ಪರೀಕ್ಷಿಸಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಸೌದಿ ಅರೇಬಿಯಾದ 155 ರೋಗಿಗಳು ಇದರಲ್ಲಿದ್ದರು. ಒತ್ತಡ ಪಾದರಸದ 20 ಮಿಲಿಮೀಟರ್ ದಾಟಿ ಸ್ವಲ್ಪ ಹೊತ್ತಿಗೇ ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು, ಉಳಿದವರಿಗೆ ಔಷಧಿ ಮುಂದುವರಿಸಲಾಯಿತು. ಶಸ್ತ್ರಚಿಕಿತ್ಸೆಯಿಂದ ಒತ್ತಡವೇನೋ ಇಳಿಯಿತು. ಸಾವಿನ ಪ್ರಮಾಣ ಮಾತ್ರ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆರು ತಿಂಗಳ ನಂತರ ಸತ್ತವರು ಮತ್ತು ತೀವ್ರ ಅಂಗವೈಕಲ್ಯದಲ್ಲಿ ಉಳಿದವರು ಸೇರಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 70, ಇನ್ನೊಂದರಲ್ಲಿ ಶೇ. 51. ಅಂದರೆ ಅವಸರದಲ್ಲಿ, ಮೊದಲ ಹಂತದಲ್ಲೇ ಈ ಶಸ್ತ್ರಚಿಕಿತ್ಸೆ ಮಾಡುವುದರಿಂದ ಲಾಭ ಕಾಣಲಿಲ್ಲ.

2016ರ 'ರೆಸ್ಕ್ಯೂ ಐಸಿಪಿ' ಅಧ್ಯಯನದ ಪ್ರಶ್ನೆ ಬೇರೆ: ಬೇರೆಲ್ಲ ಚಿಕಿತ್ಸೆ ವಿಫಲವಾಗಿ, ಒತ್ತಡ 25ಕ್ಕಿಂತ ಮೇಲೆಯೇ ನಿಂತಾಗ, ಕೊನೆಯ ಉಪಾಯವಾಗಿ ಮಾಡಿದರೆ ಏನಾಗುತ್ತದೆ? 408 ರೋಗಿಗಳನ್ನು ಸೇರಿಸಿಕೊಂಡ ಇದರಲ್ಲಿ ಒಂದು ವರ್ಷದ ನಂತರ ಔಷಧಿಯ ಗುಂಪಿನ ನೂರರಲ್ಲಿ 52 ಮಂದಿ ಸತ್ತಿದ್ದರು, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸುಮಾರು 30. ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಉಳಿದವು.

ಉಳಿದವರ ಸ್ಥಿತಿ ಹೇಗಿತ್ತು? ಪೂರ್ಣವಾಗಿ ಚೇತರಿಸಿಕೊಂಡವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ: ಶೇ. 9.8 ಮತ್ತು 8.4. ಕಣ್ಣು ತೆರೆದಿದ್ದರೂ ಅರಿವಿನ ಸುಳಿವಿಲ್ಲದ ಸ್ಥಿತಿಯಲ್ಲಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 6.2, ಔಷಧಿಯ ಗುಂಪಿನಲ್ಲಿ ಶೇ. 1.7. ಅಂಗವೈಕಲ್ಯವಿದ್ದರೂ ಮನೆಯೊಳಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರು ಶೇ. 13.4 ಮತ್ತು 3.9. ಹೀಗೆ ಉಳಿದ ಜೀವಗಳಲ್ಲಿ ಕೆಲವರು ಸ್ವಾವಲಂಬಿಗಳು, ಕೆಲವರು ಜೀವನವಿಡೀ ಇನ್ನೊಬ್ಬರ ಕೈಯನ್ನು ಆಶ್ರಯಿಸುವವರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಎರಡು ಅಧ್ಯಯನಗಳು ಮೆದುಳಿನ ಊತಕ್ಕೆ ಸಂಬಂಧಿಸಿದವು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳನ್ನು ಒತ್ತುತ್ತಿದ್ದರೆ ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ ಬೇರೆಯೇ, ಅಲ್ಲಿ ತಡಮಾಡುವುದು ಪ್ರಾಣಾಪಾಯ. ಹೆಪ್ಪು ತೆಗೆದ ಮೇಲೆ ಎಲುಬನ್ನು ಮರಳಿ ಇಡಬೇಕೇ ಎಂಬುದನ್ನು 450 ರೋಗಿಗಳ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ಪರಿಶೀಲಿಸಿತು. ಒಂದು ವರ್ಷದ ನಂತರ ಎರಡೂ ಗುಂಪುಗಳ ಸ್ಥಿತಿ ಬಹುತೇಕ ಸಮಾನವಾಗಿತ್ತು. ಆದುದರಿಂದ ನಮ್ಮವರಿಗೆ ಹೇಳಿರುವುದು ಯಾವ ಶಸ್ತ್ರಚಿಕಿತ್ಸೆ, ಅದು ಮೊದಲ ಉಪಾಯವೋ ಕೊನೆಯದೋ, ಬದುಕಿದರೆ ಯಾವ ಸ್ಥಿತಿಯನ್ನು ನಿರೀಕ್ಷಿಸಬಹುದು ಎಂದು ವೈದ್ಯರನ್ನು ಕೇಳಿ ತಿಳಿಯಬೇಕು. ಹೀಗೆ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ.

ಧರ್ಮಸಭೆಯ ಬೋಧನೆ

1957ರಲ್ಲಿ ಪೋಪ್ 12ನೇ ಪಿಯುಸ್ ಅವರು ಅರಿವಳಿಕೆ ತಜ್ಞರಿಗೆ ನೀಡಿದ ಸಂದೇಶದಲ್ಲಿ, ಜೀವ ಉಳಿಸಲು ಸಾಮಾನ್ಯ ಉಪಾಯಗಳನ್ನು ಬಳಸುವುದು ನಮ್ಮ ಕರ್ತವ್ಯ, ವಿಪರೀತ ಹೊರೆಯಾಗುವ ಅಸಾಮಾನ್ಯ ಉಪಾಯಗಳಿಗೆ ನಾವು ಬದ್ಧರಲ್ಲ ಎಂದು ತಿಳಿಸಿದರು. 1980ರಲ್ಲಿ ದಯಾಮರಣದ ಕುರಿತು ವ್ಯಾಟಿಕನ್ ಹೊರಡಿಸಿದ ಘೋಷಣೆ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಚಿಕಿತ್ಸೆಯ ಕಷ್ಟ, ಅಪಾಯ ಮತ್ತು ಖರ್ಚನ್ನು ಅದರಿಂದ ನಿರೀಕ್ಷಿಸಬಹುದಾದ ಫಲದೊಂದಿಗೆ, ರೋಗಿಯ ದೈಹಿಕ ಮತ್ತು ನೈತಿಕ ಶಕ್ತಿಯೊಂದಿಗೆ ತೂಗಿ ನೋಡಬೇಕು. ಆದುದರಿಂದ ಕೊನೆಯ ಉಪಾಯವಾಗಿ ಈ ಶಸ್ತ್ರಚಿಕಿತ್ಸೆಗೆ ಒಪ್ಪುವ ಕುಟುಂಬ ತಪ್ಪು ಮಾಡುವುದಿಲ್ಲ. ರೋಗಿಯ ಇಚ್ಛೆಯನ್ನೂ ವೈದ್ಯರ ಅಭಿಪ್ರಾಯವನ್ನೂ ಪರಿಗಣಿಸಿ, ಫಲಕ್ಕಿಂತ ಹೊರೆಯೇ ಮಿಗಿಲೆಂದು ಕಂಡು ಬೇಡವೆನ್ನುವ ಕುಟುಂಬವೂ ಪಾಪ ಮಾಡುವುದಿಲ್ಲ. ಆದರೆ ಆಗಲೂ ಸಾಮಾನ್ಯ ಆರೈಕೆ ನಿಲ್ಲಬಾರದು.

ಚಿಕಿತ್ಸೆಯ ಹೊರೆಯನ್ನು ತೂಗಬಹುದು, ಮನುಷ್ಯನ ಬೆಲೆಯನ್ನು ತೂಗುವಂತಿಲ್ಲ. ಸಂಶೋಧಕರು ಫಲಿತಾಂಶವನ್ನು 'ಅನುಕೂಲಕರ', 'ಪ್ರತಿಕೂಲ' ಎಂದು ವಿಂಗಡಿಸುತ್ತಾರೆ. ಮನೆಯೊಳಗೆ ಸ್ವಾವಲಂಬಿಯಾದವರನ್ನು ಡೆಕ್ರಾ 'ಪ್ರತಿಕೂಲ' ಗುಂಪಿಗೆ ಸೇರಿಸಿದರೆ, ರೆಸ್ಕ್ಯೂ ಐಸಿಪಿ 'ಅನುಕೂಲಕರ' ಗುಂಪಿಗೆ ಸೇರಿಸಿತು. ಗೆರೆ ಎಳೆಯುವುದು ಲೆಕ್ಕಕ್ಕಾಗಿ, ಅದು ವ್ಯಕ್ತಿಯ ಮೇಲಿನ ತೀರ್ಪಲ್ಲ. ಅರಿವಿಲ್ಲದ ಸ್ಥಿತಿಯಲ್ಲಿ ಮಲಗಿದವರೂ ಮನುಷ್ಯರೇ, ಅವರ ಘನತೆಗೆ ಕುಂದಿಲ್ಲ ಎಂದು ಸಂತ ಪೋಪ್ 2ನೇ ಜಾನ್ ಪಾವ್ಲ್ 2004ರ ಮಾರ್ಚ್‌ನಲ್ಲಿ ಒತ್ತಿ ಹೇಳಿದ್ದರು.

ನಮ್ಮ ಚರ್ಚುಗಳ ಕೆಲಸ

ರೆಸ್ಕ್ಯೂ ಐಸಿಪಿ ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದ ವರದಿ 2022ರಲ್ಲಿ ಬಂತು. ಶಸ್ತ್ರಚಿಕಿತ್ಸೆಯಾದವರಲ್ಲಿ ಕಾಲಕ್ರಮೇಣ ಸುಧಾರಣೆ ಕಂಡವರ ಪ್ರಮಾಣ ಹೆಚ್ಚು ಎಂದು ಅದು ತೋರಿಸಿತು. ನಾವಾದರೋ ಅಪಘಾತವಾದ ವಾರ ಆಸ್ಪತ್ರೆಯಲ್ಲಿ ಕಿಕ್ಕಿರಿದು ಸೇರುತ್ತೇವೆ, ಮೂರು ತಿಂಗಳಾಗುವಾಗ ಆ ಮನೆಯ ದಾರಿ ಮರೆಯುತ್ತೇವೆ. ಆರೈಕೆ ಮಾಡುವ ತಾಯಿಯೋ ಹೆಂಡತಿಯೋ ಅಷ್ಟರಲ್ಲಿ ಒಂಟಿಯಾಗಿರುತ್ತಾಳೆ. ಮೆದುಳಿಗೆ ಪೆಟ್ಟಾದವರಲ್ಲಿ ಮರೆವು, ಸಿಟ್ಟು, ಸ್ವಭಾವದ ಬದಲಾವಣೆ ಕಾಣಬಹುದು. ಅದನ್ನು ದುರ್ಗುಣವೆಂದು ಆಡಿಕೊಳ್ಳುವವರೂ ನಮ್ಮಲ್ಲಿದ್ದಾರೆ.

ವಾಳೆಯ ಗುರಿಕಾರರು, ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು, ಧರ್ಮಭಗಿನಿಯರು ಇಂತಹ ಮನೆಗಳ ಪಟ್ಟಿ ಮಾಡಿ, ಕನಿಷ್ಠ ಎರಡು ವರ್ಷ ನಿಯಮಿತವಾಗಿ ಭೇಟಿ ನೀಡಲಿ. ವಾರಕ್ಕೊಮ್ಮೆ ಎರಡು ಗಂಟೆ ರೋಗಿಯ ಬಳಿ ಕುಳಿತು ಮನೆಯವರನ್ನು ಪೂಜೆಗೆ ಕಳುಹಿಸಲಿ. ಎಲುಬು ಮರುಜೋಡಣೆಯ ಮತ್ತು ಫಿಸಿಯೋಥೆರಪಿಯ ಖರ್ಚಿಗೆ ನೆರವಾಗಲಿ. ಪರಮಪ್ರಸಾದವೂ ರೋಗಿಗಳ ಅಭ್ಯಂಗವೂ ಆ ಮನೆಗೆ ತಲುಪುವಂತೆ ಧರ್ಮಗುರುಗಳು ನೋಡಿಕೊಳ್ಳಲಿ. ಜೀವ ಉಳಿಸುವುದು ಕೆಲವು ಗಂಟೆಗಳ ಶಸ್ತ್ರಚಿಕಿತ್ಸೆಯಾದರೆ, ಉಳಿದ ಜೀವವನ್ನು ಸಲಹುವುದು ಇಡೀ ಸಮುದಾಯದ ವರ್ಷಗಳ ಕೆಲಸ.