ಸಪ್ಪೆರೋಗದ ಒಳಮಾತು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸುತ್ತಣ ಹಳ್ಳಿಗಳಲ್ಲಿ ರೇಷ್ಮೆಹುಳುವನ್ನು ನಂಬಿ ಬಾಳುವ ಒಕ್ಕಲಿಗೆ ಹಿಪ್ಪುನೇರಳೆಯ ತೋಟಕ್ಕೆ ನೀರು ಸಾಲದೆಂಬ ಚಿಂತೆಯಾಗಲಿ, ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಬಿದ್ದೀತೆಂಬ ಅಳುಕಾಗಲಿ ಹೊಸದಲ್ಲ. ಆದರೆ ಪೊರೆ ಕಳಚುವ ನಾಲ್ಕು ಜ್ವರಗಳನ್ನು ದಾಟಿ, ಹೊತ್ತುಹೊತ್ತಿಗೆ ಸೊಪ್ಪು ತಿಂದು, ಇನ್ನೆರಡು ದಿನಗಳಲ್ಲಿ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯನ್ನೇರಬೇಕಾಗಿದ್ದ ಹುಳುಗಳು ಇದ್ದಕ್ಕಿದ್ದಂತೆ ಸೊಪ್ಪನ್ನು ಮುಟ್ಟದೆ, ಮೈ ಮೆತ್ತಗಾಗಿ, ಕಪ್ಪಿಟ್ಟು, ದುರ್ಗಂಧ ಬೀರುತ್ತ ಸಾಯತೊಡಗಿದುವೆಂದರೆ, ಸೊಪ್ಪಿನ ಖರ್ಚೂ ಆಳಿನ ಕೂಲಿಯೂ ಮನೆಮಂದಿಯ ನಿದ್ದೆಗೆಟ್ಟ ರಾತ್ರಿಗಳೂ ಒಮ್ಮೆಗೇ ನೀರುಪಾಲಾದಂತೆಯೇ ಸರಿ. ಈ ವ್ಯಾಧಿಗೆ ಸಾಕಣೆದಾರರು ಇಟ್ಟಿರುವ ಹೆಸರು ಸಪ್ಪೆರೋಗ.

ಸಪ್ಪೆರೋಗಕ್ಕೆ ಕಾರಣ ಒಂದೇ ಅಲ್ಲ. ಒದ್ದೆ ಸೊಪ್ಪು, ಸೆಕೆ, ಗಾಳಿಯಾಡದ ಮನೆ ಇವೆಲ್ಲವೂ ಹುಳುವಿನ ಶಕ್ತಿಯನ್ನು ಕುಗ್ಗಿಸಿ ಬಗೆಬಗೆಯ ಬ್ಯಾಕ್ಟೀರಿಯಗಳಿಗೆ ಬಾಗಿಲು ತೆರೆಯುವುವು. 1865ರಿಂದ ಐದಾರು ವರ್ಷ ಫ್ರಾನ್ಸಿನ ದಕ್ಷಿಣದಲ್ಲಿ ರೇಷ್ಮೆಹುಳುವಿನ ರೋಗಗಳನ್ನು ಪರಿಶೀಲಿಸಿದ ಲೂಯಿ ಪಾಶ್ಚರನು ಹುಳುವಿನ ಮತ್ತೊಂದು ವ್ಯಾಧಿಯಾದ ಗಂಟುರೋಗವೇ ಬೇರೆ, ಸಪ್ಪೆರೋಗವೇ ಬೇರೆ ಎಂಬುದನ್ನು ತೋರಿಸಿಕೊಟ್ಟನು. ರೋಗವಿಲ್ಲದ ಮೊಟ್ಟೆಗಳನ್ನು ಆಯ್ದು ತೆಗೆಯುವ ಅವನ ವಿಧಾನವು ಕಾಲಕ್ರಮದಲ್ಲಿ ನಮ್ಮ ಸೀಮೆಗೂ ಬಂದಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರವು ಇಟಲಿಯ ತಜ್ಞನೊಬ್ಬನನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆಯ ಫಾರಮನ್ನು ನಡೆಸಿದುದು ಈ ಪರಂಪರೆಯ ಫಲವೇ. ಇತ್ತ ಜಪಾನಿನಲ್ಲಿ 1901ರಲ್ಲಿ ಇಷಿವಾಟ ಎಂಬ ವಿಜ್ಞಾನಿಯು, ಹಠಾತ್ತಾಗಿ ಸಾಯುತ್ತಿದ್ದ ಹುಳುಗಳಿಂದ ಈ ರೋಗದ ಬ್ಯಾಕ್ಟೀರಿಯಗಳಲ್ಲಿ ಒಂದಾದ ದಂಡಾಕೃತಿಯ ಸೂಕ್ಷ್ಮಾಣುವನ್ನು ಬೇರ್ಪಡಿಸಿದನು. ಹತ್ತು ವರ್ಷಗಳ ತರುವಾಯ ಜರ್ಮನಿಯ ಬರ್ಲಿನರ್ ಎಂಬ ವಿಜ್ಞಾನಿಗೆ ಹಿಟ್ಟಿನ ಪತಂಗದ ಮರಿಗಳಲ್ಲಿ ಅದೇ ಜಾತಿಯ ಸೂಕ್ಷ್ಮಾಣು ದೊರೆಯಿತು. ತುರಿಂಗಿಯ ಪ್ರಾಂತದ ನೆನಪಿಗಾಗಿ ಅವನು ಅದನ್ನು ಬಾಸಿಲಸ್ ತುರಿಂಜಿಯೆನ್ಸಿಸ್ ಎಂದು ಕರೆದನು. ಇಂದು ಬಿಟಿ ಹತ್ತಿಯ ಹೆಸರಿನಲ್ಲಿ ರೈತರೆಲ್ಲರ ಬಾಯಲ್ಲಿರುವ ‘ಬಿಟಿ’ ಇದೇ.

ನಾನು ಇಲ್ಲಿ ಹೇಳಹೊರಟಿರುವುದು ಈ ಸೂಕ್ಷ್ಮಾಣುವಿನ ವಿಷದ ಕಥೆಗಿಂತ ಹೆಚ್ಚಾಗಿ ಅದರ ವಿವೇಚನೆಯ ಕಥೆಯನ್ನು. ಮಿದುಳಿಲ್ಲದ, ನರವಿಲ್ಲದ, ಒಂದೇ ಕೋಶದ ಜೀವಿಗೆ ವಿವೇಚನೆಯೆಂಬ ಮಾತು ಸಲ್ಲುವುದೇ ಎಂದು ವಾಚಕರು ಕೇಳಬಹುದು. ಹುಳುವಿನ ಹೊಟ್ಟೆಯೊಳಗೆ ನಡೆಯುವುದನ್ನು ನೋಡಿದರೆ ಬೇರೆ ಮಾತು ತೋಚದು. ಸೊಪ್ಪಿನೊಡನೆ ಒಳಹೊಕ್ಕ ಬಿಟಿಯ ಹರಳಿನಂಥ ಪ್ರೋಟೀನು ಹುಳುವಿನ ಕ್ಷಾರಮಯವಾದ ಕರುಳಿನಲ್ಲಿ ಕರಗಿ, ಕರುಳಿನ ಒಳಪದರವನ್ನು ತೂತುಮಾಡುತ್ತದೆ. ಜೊತೆಗೆ ಬಂದ ಬೀಜಾಣುಗಳು ಮೊಳೆತು ಹೆಚ್ಚತೊಡಗುತ್ತವೆ. ಪ್ರತಿಯೊಂದು ಕೋಶವೂ ಪ್ಯಾಪ್‌ಆರ್ ಎಂಬ ಪುಟ್ಟ ಪ್ರೋಟೀನನ್ನು ಹೊರಕ್ಕೆ ಬಿಡುತ್ತದೆ. ಅದು ತುಂಡಾಗಿ, ಕೇವಲ 7 ಅಮೈನೋ ಆಮ್ಲಗಳ ಸರವಾಗಿ ಮತ್ತೆ ಕೋಶದ ಒಳಕ್ಕೆ ಬರುತ್ತದೆ. ಕೋಶಗಳು ವಿರಳವಾಗಿದ್ದಾಗ ಆ ಸರವು ಚೆದುರಿಹೋಗುವುದು. ದಟ್ಟವಾದಾಗ ಒಳಗೆ ಸಂಚಯಗೊಂಡು, ಪಿಎಲ್‌ಸಿಆರ್ ಎಂಬ ಪ್ರೋಟೀನಿಗೆ ಅಂಟಿ, ಹುಳುವಿನ ಅಂಗಾಂಶವನ್ನು ಕರಗಿಸುವ ಕಿಣ್ವಗಳ ಜೀನುಗಳನ್ನು ಎಚ್ಚರಿಸುವುದು. ‘ನಾವು ಸಾಕಷ್ಟು ಮಂದಿ ಇದ್ದೇವೆ’ ಎಂಬ ಲೆಕ್ಕವು ಹೀಗೆ ರಸಾಯನದ ಭಾಷೆಯಲ್ಲಿ ನಡೆಯುತ್ತದೆ.

ಹುಳು ಸತ್ತ ಮೇಲೆ ಕೊಲ್ಲುವ ಕೆಲಸವು ಮುಗಿಯುವುದು. ಹೆಣದ ಮೇಲೆ ಬದುಕುವ ಕೆಲಸ ಆರಂಭವಾಗುವುದು. ಆಗ ಎನ್‌ಪಿಆರ್‌ಆರ್ ಎಂಬ ಮತ್ತೊಂದು ಪ್ರೋಟೀನು ಮತ್ತೊಂದು ಪುಟ್ಟ ಸರದ ಸಂದೇಶವನ್ನು ಕೇಳಿ, ಹೆಣವನ್ನು ಜೀರ್ಣಿಸಿಕೊಳ್ಳುವ ಕಿಣ್ವಗಳನ್ನು ಹೊರಡಿಸುತ್ತದೆ. ಕಡೆಗೆ ಆಹಾರ ಮುಗಿದಾಗ, ಬಿಸಿಲಿಗೂ ಬರಕ್ಕೂ ಅಂಜದ ಬೀಜಾಣುವಾಗಬೇಕೆಂಬ ನಿರ್ಣಯವು ಮೂರನೆಯ ವ್ಯವಸ್ಥೆಯ ಪಾಲಿನದು: ಒಂದು ಪ್ರೋಟೀನು ತನ್ನ ಮೇಲೆ ಧರಿಸಿದ ಫಾಸ್ಫೇಟನ್ನು ಎರಡನೆಯದಕ್ಕೂ, ಅದು ಮೂರನೆಯದಕ್ಕೂ, ಅದು ನಾಲ್ಕನೆಯದಕ್ಕೂ, ಬಾವಿಯ ಕಟ್ಟೆಯಿಂದ ಮನೆಯ ಹಂಡೆಯವರೆಗೆ ಸಾಲಾಗಿ ನಿಂತವರು ಕೊಡವನ್ನು ಕೈಬದಲಾಯಿಸುವಂತೆ ದಾಟಿಸುತ್ತ ಹೋಗುತ್ತದೆ. ಈ ಸಾಲನ್ನು 1991ರಲ್ಲಿ ಅಮೆರಿಕದ ಜೇಮ್ಸ್ ಹಾಕ್ ಮತ್ತು ಸಂಗಡಿಗರು ಬಿಟಿಯ ದಾಯಾದಿಯಾದ ಬಾಸಿಲಸ್ ಸಬ್ಟಿಲಿಸಿನಲ್ಲಿ ವಿಶದಪಡಿಸಿದರು.

ಈ ಮೂರು ವ್ಯವಸ್ಥೆಗಳೂ ಪ್ರತ್ಯೇಕವಾಗಿ ಹುಟ್ಟಿದುವೆಂದು ಎಣಿಸಿದರೆ ತಪ್ಪಾದೀತು. ಪಿಎಲ್‌ಸಿಆರ್, ಎನ್‌ಪಿಆರ್‌ಆರ್‌ಗಳೂ ಬೀಜಾಣುನಿರ್ಮಾಣವನ್ನು ತಡೆದು ಹಿಡಿಯುವ ರ್‍ಯಾಪ್ ಎಂಬ ಪ್ರೋಟೀನುಗಳೂ ಒಂದೇ ವಂಶದವು. ಪುಟ್ಟ ಸರವನ್ನು ಹಿಡಿಯುವ ಅಂಗ ಎಲ್ಲಕ್ಕೂ ಒಂದೇ ರೀತಿಯದು. ಪಿಎಲ್‌ಸಿಆರ್ ಜೀನುಗಳನ್ನು ಎಬ್ಬಿಸಬಲ್ಲುದು. ರ್‍ಯಾಪ್‌ಗಳು ಫಾಸ್ಫೇಟಿನ ಸಾಲನ್ನು ಮುರಿಯಬಲ್ಲವು. ಎನ್‌ಪಿಆರ್‌ಆರ್ ಮಾತ್ರ ಸಂದೇಶವಿದ್ದಾಗ ಮೊದಲ ಕೆಲಸವನ್ನೂ ಇಲ್ಲದಾಗ ಎರಡನೆಯ ಕೆಲಸವನ್ನೂ ಮಾಡುವುದು. ಆದುದರಿಂದ ಅದನ್ನು ಎರಡು ಕವಲುಗಳ ನಡುವಣ ಕೊಂಡಿಯೆಂದು ವಿದ್ವಾಂಸರು ಭಾವಿಸುವರು. ಹಳೆಯ ವ್ಯವಸ್ಥೆಯನ್ನು ಕಳೆದುಕೊಳ್ಳುವುದೂ ವಿಕಾಸದ ಒಂದು ದಾರಿಯೆ: ಬಿಟಿಯ ಸಮೀಪಬಂಧುವಾದ ನೆರಡಿರೋಗದ ಸೂಕ್ಷ್ಮಾಣುವಿನಲ್ಲಿ ಪಿಎಲ್‌ಸಿಆರ್ ಜೀನು ಒಂದು ಅಕ್ಷರದ ದೋಷದಿಂದ ಮೊಟಕಾಗಿ ನಿಷ್ಫಲವಾಗಿದೆ. ಬೇರೊಂದು ನಿಯಂತ್ರಣಕ್ಕೆ ಒಳಪಟ್ಟ ಆ ಘಾತಕ ಜೀವಿಗೆ ಹಳೆಯ ಕಿವಿಯೊಂದು ಬೇಡವಾಯಿತೆಂದು ತೋರುತ್ತದೆ.

ಒಂದು ಜೀನು ಆಕಸ್ಮಿಕವಾಗಿ ಎರಡು ಪ್ರತಿಗಳಾಗುತ್ತದೆ. ಒಂದು ಪ್ರತಿ ಹಳೆಯ ಕೆಲಸವನ್ನು ನೋಡಿಕೊಳ್ಳುವಾಗ ಇನ್ನೊಂದು ಹೊಸದನ್ನು ಕಲಿಯುತ್ತದೆ: ಬ್ಯಾಕ್ಟೀರಿಯದ ಸಂದೇಶವ್ಯವಸ್ಥೆಗಳು ಬೆಳೆದ ಪ್ರಧಾನ ಮಾರ್ಗವಿದು. ಹೊರಗಿನ ಸುದ್ದಿಯನ್ನು ಗ್ರಹಿಸಿ ಫಾಸ್ಫೇಟನ್ನು ಧರಿಸುವ ಪ್ರೋಟೀನು ಒಂದು, ಅದನ್ನು ಪಡೆದು ಜೀನುಗಳನ್ನು ನಡೆಸುವುದು ಮತ್ತೊಂದು. ಇಂಥ ಜೋಡಿಗಳು ನಮ್ಮ ಕರುಳಿನ ಎಶೆರಿಷಿಯ ಕೋಲೈಯಲ್ಲಿ ಸುಮಾರು 30 ಇವೆ. ಅವೆಲ್ಲವೂ ಒಂದೇ ಅಚ್ಚಿನಿಂದ ಎರಕಗೊಂಡಂತಿರುವುದರಿಂದ ಒಂದರ ಸುದ್ದಿ ಮತ್ತೊಂದರ ಮನೆಗೆ ಹೋಗದೇ ಎಂಬ ಪ್ರಶ್ನೆ ಸಹಜ. ಅಮೆರಿಕದ ಮೈಕೆಲ್ ಲಾಬ್ ಮತ್ತು ಅವರ ಶಿಷ್ಯರು ತೋರಿಸಿದಂತೆ, ಜೊತೆಗಾರನನ್ನು ಗುರುತಿಸುವ ಕೆಲಸವು ಬೆರಳೆಣಿಕೆಯ ಅಮೈನೋ ಆಮ್ಲಗಳ ಮೇಲೆ ನಿಂತಿದೆ. ಪ್ರತಿಗಳು ಹುಟ್ಟಿದ ಮೇಲೆ ಆ ಜಾಗಗಳಲ್ಲೇ ಬದಲಾವಣೆಗಳು ನಡೆದು ಸಂದೇಶಗಳು ಬೆರೆಯದಂತೆ ಗೋಡೆ ಏಳುತ್ತದೆ. 2015ರಲ್ಲಿ ಅವರು ಒಂದು ಪ್ರೋಟೀನಿನ ಅಂಥ 4 ಸ್ಥಾನಗಳಿಗೆ ಸಾಧ್ಯವಾದ 1,60,000 ಸಂಯೋಜನೆಗಳನ್ನು ಪರೀಕ್ಷಿಸಿದಾಗ 1,659 ಕೆಲಸಮಾಡಿದುವು. ನೂರಕ್ಕೆ ಒಂದರಷ್ಟಾದರೂ, ಪ್ರಕೃತಿಯ ಕೈಗೆ ಇದು ಕಡಮೆಯ ಭಂಡಾರವಲ್ಲ.

ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಕ್ ಸೈನಿ, ನರೇಂದ್ರ ದೀಕ್ಷಿತ್ ಮತ್ತು ಸಹೋದ್ಯೋಗಿಗಳು ಕ್ಷಯದ ಸೂಕ್ಷ್ಮಾಣುವಿನ ಜೋಡಿಗಳನ್ನು ಪ್ರಯೋಗನಳಿಕೆಯಲ್ಲಿ ಒಂದರೊಡನೊಂದು ಬೆರೆಸಿ ನೋಡಿ, ಫಾಸ್ಫೇಟು ಪರಕೀಯ ಜೊತೆಗಾರನಿಗೂ ವಿಪುಲವಾಗಿ ಹಾಯುವುದೆಂದು ವರದಿಮಾಡಿದರು. ಗೋಡೆ ಎಲ್ಲೆಡೆಯೂ ಒಂದೇ ಎತ್ತರದ್ದಾಗಿರಬೇಕೆಂಬ ನಿಯಮವಿಲ್ಲವೆಂದೂ, ಮನುಷ್ಯನ ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಅವಿತಿರಬೇಕಾದ ಜೀವಿಗೆ ಒಂದು ಸುದ್ದಿಯು ಹಲವು ಬಾಗಿಲುಗಳನ್ನು ತಟ್ಟುವುದು ಲಾಭವಾಗಬಹುದೆಂದೂ ಇದರಿಂದ ಊಹಿಸಲು ಅವಕಾಶವುಂಟು.

ಪ್ರೋಟೀನುಗಳಲ್ಲದೆ ಕಿರಿಯ ಅಣುಗಳೂ ದೂತಕಾರ್ಯದಲ್ಲಿವೆ. ಯಕೃತ್ತಿನಲ್ಲಿ ಸಂದೇಶವಾಹಕವೆಂದು ಪ್ರಸಿದ್ಧವಾಗಿದ್ದ ಸೈಕ್ಲಿಕ್ ಎಎಂಪಿಯನ್ನು ಸದರ್ಲೆಂಡ್ ಎಂಬ ವಿಜ್ಞಾನಿಯೂ ಅವನ ಸಂಗಡಿಗನೂ 1965ರಲ್ಲಿ ಬ್ಯಾಕ್ಟೀರಿಯದಲ್ಲಿ ಕಂಡರು. ಹಸಿವಿನ ಸೂಚನೆಯಾದ ಪಿಪಿಜಿಪಿಪಿಯು 1969ರಲ್ಲಿ ಬೆಳಕಿಗೆ ಬಂದಿತು. ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ದೀಪಂಕರ ಚಟರ್ಜಿಯವರು ಈ ಹಸಿವಿನ ಅಣುವನ್ನೂ, ಸಂಧ್ಯಾ ವಿಶ್ವೇಶ್ವರಯ್ಯನವರು ಸೈಕ್ಲಿಕ್ ಎಎಂಪಿಯನ್ನೂ ಕ್ಷಯದ ಸೂಕ್ಷ್ಮಾಣುವಿನ ಕುಲದಲ್ಲಿ ದೀರ್ಘಕಾಲ ಅಭ್ಯಸಿಸಿದ್ದಾರೆ. ಎಶೆರಿಷಿಯ ಕೋಲೈಯಲ್ಲಿ ಸೈಕ್ಲಿಕ್ ಎಎಂಪಿಯನ್ನು ತಯಾರಿಸುವ ಕಿಣ್ವ ಒಂದೇ; ಕ್ಷಯದ ಸೂಕ್ಷ್ಮಾಣುವಿನಲ್ಲಿ ಸುಮಾರು 16. ಪ್ರತಿಗಳನ್ನು ಹೆಚ್ಚಿಸಿ ಒಂದೊಂದಕ್ಕೂ ಒಂದೊಂದು ಕಿವಿ ಜೋಡಿಸುವ ಹಳೆಯ ಉಪಾಯವೇ ಇಲ್ಲಿಯೂ ನಡೆದಿದೆ.

ಇಷ್ಟನ್ನು ತಿಳಿದ ಮೇಲೆ ಹುಳುಮನೆಯತ್ತ ಮರಳೋಣ. ಸತ್ತ ಹುಳುವನ್ನು ತಟ್ಟೆಯಲ್ಲಿಯೇ ಬಿಟ್ಟರೆ, ಅದರೊಳಗಿನ ಸೂಕ್ಷ್ಮಾಣುಗಳು ಕೊಲ್ಲುವ ಸಂದೇಶವನ್ನು ನಿಲ್ಲಿಸಿ, ಹೆಣದ ಸಂದೇಶಕ್ಕೆ ತಿರುಗಿ, ಫಾಸ್ಫೇಟಿನ ಸಾಲನ್ನು ನಡೆಸಿ, ಬೀಜಾಣುಗಳಾಗಿ ಮುಂದಿನ ಬೆಳೆಗೆ ಕಾದುಕುಳಿತುಕೊಳ್ಳುವುವು. ಒಮ್ಮೆ ಬೀಜಾಣುವಾದ ಮೇಲೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲುದು. ಸಪ್ಪೆಯಾದ ಹುಳುವನ್ನು ಕಂಡೊಡನೆ ಆಯ್ದು, ಬ್ಲೀಚಿಂಗ್ ಪುಡಿ ಮತ್ತು ಸುಣ್ಣ ಬೆರೆಸಿದ ನೀರಿನ ಬೋಗುಣಿಗೆ ಹಾಕಿರೆಂದು ರೇಷ್ಮೆ ಇಲಾಖೆಯವರು ಹೇಳುವ ಮಾತಿನ ಅರ್ಥವಿದು. ಆದುದರಿಂದ ಬೆಳಗಿನ ಸೊಪ್ಪು ಹಾಕುವ ಮುನ್ನ ತಟ್ಟೆಯನ್ನೊಮ್ಮೆ ನೋಡಿರಿ. ಹೆಣವನ್ನು ಸಂಜೆಯವರೆಗೆ ಬಿಡಬೇಡಿರಿ.